ಬಾರಾಟಾಂಗ್‌ಗೆ ಒಂದು ದಿನ: ಗೇಟು, ದೋಣಿ, ಗುಹೆ, ಕೆಸರಿನ ಜ್ವಾಲಾಮುಖಿ

ಅಂಡಮಾನ್ ಪ್ರವಾಸ ಅಂದರೆ ಸೆಲ್ಯುಲಾರ್ ಜೈಲು, ರಾಧಾನಗರ ಬೀಚು, ಸ್ಕೂಬಾ ಡೈವಿಂಗ್. ಇವು ಎಲ್ಲರ ಪಟ್ಟಿಯಲ್ಲೂ ಇರುತ್ತವೆ. ಬಾರಾಟಾಂಗ್ ದ್ವೀಪದ ಹೆಸರು ಎತ್ತಿದರೆ ಮಾತ್ರ ಮನೆಯವರು ಹಿಂದೆಮುಂದೆ ನೋಡುತ್ತಾರೆ. ರಾತ್ರಿ ಮೂರಕ್ಕೆ ಏಳಬೇಕಂತೆ, ಕಾಡಿನ ರಸ್ತೆಯಂತೆ, ದೋಣಿ ಹತ್ತಬೇಕಂತೆ, ಆಮೇಲೆ ಬಿಸಿಲಲ್ಲಿ ನಡೆಯಬೇಕಂತೆ. ಎಲ್ಲವೂ ನಿಜವೇ. ಆದರೂ ಅಂಡಮಾನ್‌ನಲ್ಲಿ ಒಂದು ದಿನ ಹೆಚ್ಚಿಗೆ ಇದ್ದರೆ, ಇನ್ನೊಂದು ಬೀಚು ಬಿಟ್ಟು ಇಲ್ಲಿಗೆ ಹೋಗಿ ಎಂದೇ ನಾನು ಹೇಳುತ್ತೇನೆ. ಮುಗಿಲೆತ್ತರದ ಮಳೆಕಾಡು, ಕಾಂಡ್ಲಾ (ಮ್ಯಾಂಗ್ರೋವ್) ಮರಗಳು ಮುಚ್ಚಿಕೊಂಡ ಉಪ್ಪುನೀರಿನ ಹಾದಿ, ಸುಣ್ಣಕಲ್ಲಿನ ಗುಹೆ, ತಣ್ಣಗಿನ ಕೆಸರು ಉಕ್ಕಿಸುವ ಜ್ವಾಲಾಮುಖಿ. ಇಷ್ಟೂ ಒಂದೇ ಹಗಲಿನಲ್ಲಿ ನೋಡಲು ಸಿಗುವ ಜಾಗ ನಮ್ಮ ದೇಶದಲ್ಲಿ ನನಗಂತೂ ಬೇರೆ ಗೊತ್ತಿಲ್ಲ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಇದು ಕಾಡಿನ ರಸ್ತೆಯ ಚೆಕ್‌ಪೋಸ್ಟ್ ಗೇಟಿನ ಟೈಮಿಗೆ ನಡೆಯುವ ದಿನ, ನಮ್ಮ ಟೈಮಿಗಲ್ಲ. ಗೇಟು ಯಾವಾಗ ತೆರೆಯುತ್ತದೆ, ವಾಪಸ್ ಬರುವ ಕೊನೆಯ ಗೇಟು ಯಾವುದು ಎಂಬ ಲೆಕ್ಕ ಸರಿಯಾಗಿ ತಿಳಿದಿದ್ದರೆ ಉಳಿದದ್ದೆಲ್ಲ ಸಲೀಸು.

ಮೊದಲು ದಿನ ಗೊತ್ತು ಮಾಡಿ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನ ಇದೆ, ಸುಮಾರು ಎರಡೂವರೆ ತಾಸಿನ ಪಯಣ. 2024ರ ಸೆಪ್ಟೆಂಬರ್‌ನಲ್ಲಿ ಈ ಊರಿಗೆ ಶ್ರೀ ವಿಜಯ ಪುರಂ ಎಂದು ಹೆಸರು ಬದಲಾಯಿತು. ಟಿಕೆಟ್‌ನಲ್ಲಿ, ಬೋರ್ಡ್‌ಗಳಲ್ಲಿ ಎರಡೂ ಹೆಸರು ಕಂಡರೆ ಗಲಿಬಿಲಿ ಬೇಡ. ಬಾರಾಟಾಂಗ್ ಇಲ್ಲಿಂದ ಉತ್ತರಕ್ಕೆ ರಸ್ತೆಯಲ್ಲಿ ಸುಮಾರು 100 ಕಿಲೋಮೀಟರ್.

ವಿಮಾನ ಇಳಿದ ಮರುದಿನವೇ ಬಾರಾಟಾಂಗ್ ಇಟ್ಟುಕೊಳ್ಳಬೇಡಿ. ಪ್ರಯಾಣದ ಸುಸ್ತಿನ ಮೇಲೆ ನಡುರಾತ್ರಿ ಏಳುವುದು ಮಕ್ಕಳಿಗೂ ಹಿರಿಯರಿಗೂ ಕಷ್ಟ. ವಾಪಸ್ ವಿಮಾನ ಹತ್ತುವ ಹಿಂದಿನ ದಿನವೂ ಬೇಡ. ಜನ, ಗಾಡಿ ದಾಟಿಸುವ ಬಾರ್ಜ್ ಕೆಟ್ಟರೆ, ರಸ್ತೆಗೆ ಮರ ಬಿದ್ದರೆ ಆ ಕಡೆಯೇ ಉಳಿಯಬೇಕಾಗುತ್ತದೆ. ನಡುವಿನ ಯಾವುದಾದರೂ ಒಂದು ದಿನ ಸರಿ. ಸೋಮವಾರ ಬಿಟ್ಟು ಬೇರೆ ದಿನ ನೋಡಿಕೊಳ್ಳಿ. ಗುಹೆಗೆ ವಾರದ ರಜೆ ಸಾಮಾನ್ಯವಾಗಿ ಆವತ್ತೇ ಇರುತ್ತದೆ.

ಕಾಲದ ಮಾತು ಹೇಳುವುದಾದರೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯದು. ಮೇ ನಡುವಿನಿಂದ ಮುಂಗಾರು ಹಿಡಿದರೆ ಇಲ್ಲಿ ಬಿಡುವುದು ತಡ, ಹಿಂಗಾರು ಮಳೆಯೂ ಇದೆ. ಮಳೆಯಲ್ಲಿ ಗುಹೆಯ ದಾರಿ ಜಾರುತ್ತದೆ, ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ.

ಬುಕ್ ಮಾಡುವಾಗ ಕೇಳಬೇಕಾದದ್ದು

ಹೋಗುವುದಕ್ಕೆ ಮೂರು ದಾರಿ. ಸರ್ಕಾರಿ ಇಲ್ಲವೇ ಖಾಸಗಿ ಬಸ್ಸು, ಸೀಟಿನ ಲೆಕ್ಕದ ಟೂರ್ ಗಾಡಿ, ಸ್ವಂತಕ್ಕೆ ಮಾಡಿಕೊಂಡ ಟ್ಯಾಕ್ಸಿ. ನಾಲ್ಕೈದು ಜನ ಇದ್ದರೆ ಟ್ಯಾಕ್ಸಿಯೇ ವಾಸಿ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಹೊರಡುವುದು, ತಿಂಡಿ, ಬಾತ್‌ರೂಮು ಎಲ್ಲ ನಿಮ್ಮ ಅನುಕೂಲಕ್ಕೆ ಸಿಗುತ್ತದೆ. ಒಬ್ಬರೋ ಇಬ್ಬರೋ ಆದರೆ ಟೂರ್ ಗಾಡಿಯ ಸೀಟು ಸಾಕು. ಮೊದಲ ಸಲ ಹೋಗುವವರು ಬಸ್ಸನ್ನು ನೆಚ್ಚಬೇಡಿ. ದೋಣಿಯ ಟಿಕೆಟ್ಟು, ಪರ್ಮಿಟ್ಟು, ಜೀಪು ಎಲ್ಲವನ್ನೂ ನೀವೇ ಓಡಾಡಿ ಹೊಂದಿಸಬೇಕಾಗುತ್ತದೆ.

ಏಜೆಂಟರು 'ಬಾರಾಟಾಂಗ್ ಪ್ಯಾಕೇಜ್' ಎಂದು ಒಂದೇ ಮಾತಿನಲ್ಲಿ ರೇಟು ಹೇಳಿಬಿಡುತ್ತಾರೆ. ಅದರಲ್ಲಿ ಏನೇನು ಸೇರಿದೆ ಎಂದು ಬಿಡಿಸಿ ಕೇಳಿ. ಬಾರ್ಜಿನ ಟಿಕೆಟ್ ಸೇರಿದೆಯೇ? ಸ್ಪೀಡ್ ಬೋಟಿನದು? ಅರಣ್ಯ ಇಲಾಖೆಯ ಪರ್ಮಿಟ್? ಕೆಸರಿನ ಜ್ವಾಲಾಮುಖಿಗೆ ಹೋಗುವ ಜೀಪು? ಸಾಮಾನ್ಯವಾಗಿ ಈ ಕೊನೆಯದು ಹೊರಗೇ ಉಳಿದಿರುತ್ತದೆ, ಅಲ್ಲಿ ಹೋದ ಮೇಲೆ ಬೇರೆ ದುಡ್ಡು ಕೇಳುತ್ತಾರೆ. ಬೋಟಿನಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇರುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ.

ದಾರಿಯ ಕಾಡಿನಲ್ಲಿ ಜಾರವಾ ಎಂಬ ಆದಿವಾಸಿಗಳು ಇದ್ದಾರೆ. ಯಾರಾದರೂ 'ದಾರಿಯಲ್ಲಿ ಜಾರವಾ ಜನರನ್ನು ತೋರಿಸುತ್ತೇವೆ' ಎಂದು ಆಸೆ ಹುಟ್ಟಿಸಿದರೆ, ಅವರ ಹತ್ತಿರ ಬುಕ್ ಮಾಡಲೇಬೇಡಿ. ಅದು ಅಪರಾಧ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಗುರುತಿನ ಚೀಟಿಯ ಮೂಲಪ್ರತಿ ಎಲ್ಲರದೂ ಬೇಕು, ಮಕ್ಕಳದೂ ಸೇರಿ. ಜೊತೆಗೆ ಎರಡೆರಡು ಜೆರಾಕ್ಸ್. ಹಿಂದಿನ ದಿನವೇ ಚಾಲಕರಿಗೋ ಏಜೆಂಟರಿಗೋ ಒಂದು ಪ್ರತಿ ಕೊಟ್ಟರೆ ಫಾರಂ ಅವರೇ ತುಂಬಿಡುತ್ತಾರೆ. ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗಿದ್ದರೆ, ಅವರಿಗೆ ಏನೇನು ಅನುಮತಿ ಬೇಕು ಎಂದು ಅಂಡಮಾನ್ ಆಡಳಿತದ ಪ್ರವಾಸೋದ್ಯಮ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಹಿಂದಿನ ರಾತ್ರಿ

ಬೇಗ ಊಟ, ಬೇಗ ನಿದ್ದೆ. ಹೋಟೆಲಿನವರಿಗೆ ಹೇಳಿಟ್ಟರೆ ಬೆಳಗಿನ ತಿಂಡಿ ಪೊಟ್ಟಣ ಕಟ್ಟಿಕೊಡುತ್ತಾರೆ. ಬ್ಯಾಗಿನಲ್ಲಿ ನೀರಿನ ಬಾಟಲಿ, ಟೋಪಿ, ಸಣ್ಣ ಟಾರ್ಚು, ಸೊಳ್ಳೆ ಮುಲಾಮು, ಒಂದು ಟವೆಲ್ಲು ಇರಲಿ. ಟಾರ್ಚು ಮರೆಯಬೇಡಿ. ಗೈಡ್ ಹತ್ತಿರ ಒಂದು ಇರುತ್ತದೆ ನಿಜ, ಆದರೆ ಹತ್ತು ಜನರ ನಡುವೆ ಒಂದೇ ಬೆಳಕಾದರೆ ಹಿಂದೆ ಬರುವವರಿಗೆ ಕಾಲಡಿ ಏನಿದೆ ಎಂದೇ ಕಾಣುವುದಿಲ್ಲ.

ಕಾಲಿಗೆ ಹಿಡಿತ ಇರುವ ಶೂ ಇಲ್ಲವೇ ಪಟ್ಟಿ ಇರುವ ಸ್ಯಾಂಡಲ್. ಹವಾಯಿ ಚಪ್ಪಲಿ ಗುಹೆಯಲ್ಲಿ ಜಾರುತ್ತದೆ. ಬೆಳ್ಳಗಿನ ಬಟ್ಟೆ ಬೇಡ, ಎಲ್ಲಾದರೂ ಕೆಸರು ತಾಗಿಯೇ ತಾಗುತ್ತದೆ. ನಗದು ಹಣ ಇಟ್ಟುಕೊಳ್ಳಿ. ಕಾಡಿನ ಉದ್ದಕ್ಕೂ ಫೋನಿಗೆ ಸಿಗ್ನಲ್ ಇರುವುದಿಲ್ಲ, ಬಾರಾಟಾಂಗ್‌ನಲ್ಲೂ ನೆಚ್ಚುವಂತಿಲ್ಲ. ಫೋನ್‌ಪೇ ನಂಬಿ ಹೋದರೆ ಎಳನೀರಿಗೂ ಪರದಾಡಬೇಕು.

ರಸ್ತೆ ಸುತ್ತುಸುತ್ತು. ಗಾಡಿಯಲ್ಲಿ ವಾಂತಿ ಬರುವ ಅಭ್ಯಾಸ ಇರುವವರು ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ಗರ್ಭಿಣಿಯರಿಗೆ, ಬೆನ್ನುನೋವು ಇರುವವರಿಗೆ ಈ ಪ್ರವಾಸ ಬೇಡ. ಸ್ಪೀಡ್ ಬೋಟು ಅಲೆಯ ಮೇಲೆ ಎತ್ತಿ ಕುಕ್ಕುತ್ತದೆ.

ಜಿರ್ಕಾಟಾಂಗ್ ಗೇಟು

ಪೋರ್ಟ್ ಬ್ಲೇರ್‌ನಿಂದ ಬೆಳಗಿನ ಜಾವ ಮೂರು, ಮೂರೂವರೆಗೆ ಹೊರಟರೆ ಸರಿ. ಒಂದೂವರೆ ತಾಸಿನಲ್ಲಿ ಜಿರ್ಕಾಟಾಂಗ್ ಚೆಕ್‌ಪೋಸ್ಟ್ ಸಿಗುತ್ತದೆ. ಇಲ್ಲಿಂದ ಮುಂದೆ ಜಾರವಾ ಮೀಸಲು ಪ್ರದೇಶ. ಯಾವ ಗಾಡಿಯೂ ತನ್ನಷ್ಟಕ್ಕೆ ಹೋಗುವಂತಿಲ್ಲ. ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ಪೊಲೀಸ್ ಬೆಂಗಾವಲಿನಲ್ಲಿ ಒಟ್ಟಿಗೆ ಬಿಡುತ್ತಾರೆ. ಇದನ್ನೇ ಅಲ್ಲಿನವರು ಕಾನ್ವಾಯ್ ಎನ್ನುತ್ತಾರೆ.

ಮೊದಲ ಕಾನ್ವಾಯ್ ಬೆಳಿಗ್ಗೆ 6ಕ್ಕೆ, ಎರಡನೆಯದು 9ಕ್ಕೆ. ಮಧ್ಯಾಹ್ನದವೂ ಇವೆ, ಒಂದೇ ದಿನದಲ್ಲಿ ವಾಪಸ್ ಬರುವವರಿಗೆ ಅವು ಉಪಯೋಗಕ್ಕೆ ಬರುವುದಿಲ್ಲ. ಆ ಕಡೆಯಿಂದ ಮರಳುವ ಕೊನೆಯ ಕಾನ್ವಾಯ್ ಮಧ್ಯಾಹ್ನ 3ರ ಆಸುಪಾಸಿನಲ್ಲಿ. ಆಡಳಿತ ಈ ಸಮಯಗಳನ್ನು ಆಗಾಗ ಬದಲಿಸುವುದರಿಂದ ಹಿಂದಿನ ಸಂಜೆ ಚಾಲಕರಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ.

9ರ ಕಾನ್ವಾಯ್ ಹಿಡಿದರೆ ಆಗುವುದಿಲ್ಲವೇ ಎಂದು ತುಂಬಾ ಜನ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. 9ಕ್ಕೆ ಹೊರಟವರು ಆ ತುದಿ ಮುಟ್ಟುವಾಗ ಹತ್ತೂವರೆ ದಾಟಿರುತ್ತದೆ. ಬಾರ್ಜು, ದೋಣಿ, ನಡಿಗೆ ಮುಗಿಸಿ ಗುಹೆಯಿಂದ ಮರಳುವಾಗ ಎರಡು ಗಂಟೆ. ಊಟಕ್ಕೇ ಹೊತ್ತಿಲ್ಲ, ಇನ್ನು ಕೆಸರಿನ ಜ್ವಾಲಾಮುಖಿ ಎಲ್ಲಿಂದ ಬಂತು? ದೋಣಿಗೂ ಆ ಹೊತ್ತಿಗೆ ಉದ್ದ ಸಾಲು. 6ರದ್ದನ್ನು ಹಿಡಿದವರಿಗೆ ಎಂಟಕ್ಕೆಲ್ಲ ದೋಣಿ ಸಿಗುತ್ತದೆ, ಗುಹೆಯಲ್ಲಿ ಜನ ಕಡಿಮೆ, ಬಿಸಿಲೂ ಏರಿರುವುದಿಲ್ಲ. ನಿದ್ದೆಯನ್ನು ಗಾಡಿಯಲ್ಲಿ ಮಾಡಿದರಾಯಿತು.

ಐದಕ್ಕೆ ಮುಂಚೆ ತಲುಪಿದರೆ ಸಾಲಿನಲ್ಲಿ ಮುಂದೆ ನಿಲ್ಲಬಹುದು. ಮುಂದೆ ನಿಂತವರೇ ಬಾರ್ಜಿಗೂ ಮೊದಲು, ದೋಣಿಗೂ ಮೊದಲು. ಚಾಲಕರು ಇದಕ್ಕೇ ಅಷ್ಟು ಅವಸರ ಮಾಡುವುದು, ಬೇಸರ ಮಾಡಿಕೊಳ್ಳಬೇಡಿ. ಗೇಟಿನ ಬಳಿ ಚಹಾ ಅಂಗಡಿಗಳಿವೆ, ಇಡ್ಲಿ, ವಡೆ, ಪೂರಿ ಸಿಗುತ್ತದೆ. ಕತ್ತಲಲ್ಲಿ ಆ ಬಿಸಿ ಚಹಾ ಬಹಳ ಹಿತ. ಬಾತ್‌ರೂಮಿಗೆ ಇಲ್ಲೇ ಹೋಗಿ ಬನ್ನಿ, ಮುಂದಿನ ಒಂದೂವರೆ ತಾಸು ಗಾಡಿ ಎಲ್ಲೂ ನಿಲ್ಲುವುದಿಲ್ಲ.

ಕಾಡಿನ ರಸ್ತೆ

ಜಿರ್ಕಾಟಾಂಗ್‌ನಿಂದ ಮಿಡ್ಲ್ ಸ್ಟ್ರೇಟ್‌ವರೆಗಿನ ಸುಮಾರು 50 ಕಿಲೋಮೀಟರ್ ರಸ್ತೆ ಅಂಡಮಾನ್ ಟ್ರಂಕ್ ರೋಡಿನ ಭಾಗ. ಗರ್ಜನ್, ಪಡೌಕ್ ಮರಗಳು ಎರಡೂ ಬದಿ ನೇರ ಎದ್ದು ನಿಂತಿವೆ. ಪಡೌಕ್ ಅಂಡಮಾನ್‌ನ ರಾಜ್ಯಮರ. ಬೆಳಗಿನ ಎಳೆಬಿಸಿಲಿನ ಹೊತ್ತಿಗೆ ನೀವು ಈ ಕಾಡಿನ ಒಳಗಿರುತ್ತೀರಿ. ಬೇಗ ಎದ್ದದ್ದಕ್ಕೆ ಸಿಗುವ ಮೊದಲ ಫಲ ಇದೇ.

ನಿಯಮಗಳು ಸರಳ. ಕಿಟಕಿ ಏರಿಸಿ. ವೇಗ ಗಂಟೆಗೆ 40 ಕಿಲೋಮೀಟರ್ ಮೀರುವಂತಿಲ್ಲ. ಹಿಂದಿಕ್ಕುವಂತಿಲ್ಲ, ನಿಲ್ಲಿಸುವಂತಿಲ್ಲ. ಫೋನು, ಕ್ಯಾಮೆರಾ ಬ್ಯಾಗಿನೊಳಗೆ. ಒಂದೇ ಒಂದು ಫೋಟೋ ಕೂಡ ಬೇಡ. ತಿಂಡಿ, ಬಟ್ಟೆ, ಏನನ್ನೂ ಹೊರಗೆ ಎಸೆಯುವಂತಿಲ್ಲ. 1956ರ ಆದಿವಾಸಿ ರಕ್ಷಣಾ ಕಾನೂನಿನಡಿ ಇದಕ್ಕೆ ಜೈಲು ಶಿಕ್ಷೆಯೂ ಇದೆ.

ಕಾನೂನಿಗಿಂತ ದೊಡ್ಡ ಕಾರಣ ಬೇರೆ ಇದೆ. ಇದು ಜಾರವಾ ಜನರ ಮನೆ. 2011ರ ಜನಗಣತಿಯಲ್ಲಿ ಅವರ ಎಣಿಕೆ 380. ಹಂದಿ ಬೇಟೆ, ಮೀನು, ಜೇನು, ಗೆಡ್ಡೆಗಳಿಂದ ಬದುಕಿದ ಜನ. 1990ರ ದಶಕದ ಕೊನೆಯವರೆಗೂ ಅವರು ಹೊರಗಿನವರನ್ನು ಹತ್ತಿರ ಬಿಟ್ಟುಕೊಂಡಿದ್ದೇ ಕಡಿಮೆ. ಸಂಪರ್ಕ ಹೆಚ್ಚಿದ ಸ್ವಲ್ಪ ಸಮಯಕ್ಕೆ, 1999ರಲ್ಲಿ, ಅವರ ನಡುವೆ ದಡಾರ ಹರಡಿತು. ನಮಗೆ ನಾಲ್ಕು ದಿನದ ಜ್ವರವಾಗಿ ಹೋಗುವ ಕಾಯಿಲೆ, ಅದನ್ನು ಎಂದೂ ಕಾಣದ ಸಣ್ಣ ಸಮುದಾಯಕ್ಕೆ ಜೀವದ ಮೇಲೆ ಬರುತ್ತದೆ. ಅವರ ನಡುವೆಯೇ ಈ ರಸ್ತೆ ಹಾದುಹೋಗಿದೆ. ಮೀಸಲು ಪ್ರದೇಶದ ಭಾಗದಲ್ಲಿ ಇದನ್ನು ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಪ್ರವಾಸಿಗರು ಅವರಿಂದ ಕುಣಿತ ಮಾಡಿಸುವ ವಿಡಿಯೋ 2012ರಲ್ಲಿ ಹೊರಬಂದು ದೊಡ್ಡ ಗಲಾಟೆಯಾಯಿತು. 2013ರ ಆರಂಭದಲ್ಲಿ ಕೆಲವು ವಾರ ಪ್ರವಾಸಿಗರಿಗೆ ರಸ್ತೆ ಬಂದ್ ಕೂಡ ಆಗಿತ್ತು.

ಹಾಗಾದರೆ ಈ ರಸ್ತೆಯಲ್ಲಿ ಹೋಗುವುದೇ ತಪ್ಪಲ್ಲವೇ ಎಂದು ನೀವು ಕೇಳಬಹುದು. ಹಾಗೆ ಅನ್ನಿಸಿ ಹೋಗದೆ ಇರುವವರೂ ಇದ್ದಾರೆ, ಅವರ ಮಾತಿನಲ್ಲಿ ಅರ್ಥ ಇದೆ. ಹೋಗುವುದೆಂದು ನಿರ್ಧರಿಸಿದರೆ ಇಷ್ಟು ಮಾಡಿ. ಯಾರಾದರೂ ರಸ್ತೆ ಬದಿಯಲ್ಲಿ ಕಂಡರೆ 'ಅಲ್ಲಿ ನೋಡು, ಅಲ್ಲಿ ನೋಡು' ಎಂದು ಕೂಗಬೇಡಿ. ಮಕ್ಕಳಿಗೆ ಹಿಂದಿನ ರಾತ್ರಿಯೇ ಹೇಳಿಟ್ಟಿರಿ: ನಾವು ಇನ್ನೊಬ್ಬರ ಅಂಗಳದಲ್ಲಿ ಹಾದುಹೋಗುತ್ತಿದ್ದೇವೆ, ಸುಮ್ನೆ ಹೋಗಬೇಕು. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಚಾಲಕರು ಗಾಡಿ ನಿಧಾನ ಮಾಡಿದರೆ 'ಬೇಡ ಅಣ್ಣ, ನಡೀರಿ' ಎನ್ನಿ.

ಬಾರ್ಜು, ಆಮೇಲೆ ದೋಣಿ

ಏಳೂವರೆ, ಎಂಟರ ಹೊತ್ತಿಗೆ ಮಿಡ್ಲ್ ಸ್ಟ್ರೇಟ್ ಜೆಟ್ಟಿ. ಎದುರಿಗೆ ಕಾಣುವುದೇ ಬಾರಾಟಾಂಗ್. ನಡುವಿನ ನೀರು ದಾಟಲು ಬಾರ್ಜು ಇದೆ. ಸಿಗಂದೂರಿಗೆ ಸೇತುವೆ ಬರುವ ಮುಂಚೆ ಲಾಂಚಿನಲ್ಲಿ ಬಸ್ಸು, ಕಾರು, ಜನ ಎಲ್ಲ ಒಟ್ಟಿಗೆ ದಾಟುತ್ತಿದ್ದರಲ್ಲ, ಇಲ್ಲಿಯೂ ಹಾಗೆಯೇ. ಹತ್ತು ಹದಿನೈದು ನಿಮಿಷದ ಕೆಲಸ. ಕೆಲವು ಚಾಲಕರು ಗಾಡಿಯನ್ನು ಈ ಕಡೆಯೇ ನಿಲ್ಲಿಸಿ ಜನರನ್ನು ಮಾತ್ರ ಕಳಿಸುತ್ತಾರೆ. ಹಾಗಾದರೆ ವಾಪಸ್ ಎಷ್ಟು ಹೊತ್ತಿಗೆ, ಎಲ್ಲಿ ಸಿಗಬೇಕು ಎಂದು ಇಳಿಯುವ ಮುಂಚೆಯೇ ಮಾತಾಡಿಕೊಳ್ಳಿ. ಆ ಕಡೆ ಹೋದ ಮೇಲೆ ಫೋನು ಹತ್ತದೇ ಹೋಗಬಹುದು. ಗಾಡಿಯ ನಂಬರ್ ಬರೆದಿಟ್ಟುಕೊಳ್ಳಿ, ಒಂದೇ ಬಣ್ಣದ ಗಾಡಿಗಳು ಸಾಲು ಸಾಲು ನಿಂತಿರುತ್ತವೆ.

ಆ ದಡದ ನೀಲಂಬೂರ್ ಜೆಟ್ಟಿಯಲ್ಲಿ ಸ್ಪೀಡ್ ಬೋಟುಗಳು ಕಾದಿರುತ್ತವೆ. ಒಂದರಲ್ಲಿ ಎಂಟು, ಹತ್ತು ಜನ. ಲೈಫ್ ಜಾಕೆಟ್ ಹಾಕಿಕೊಂಡು ಬಕಲ್ ಬಿಗಿದಿದೆಯೇ ನೋಡಿಕೊಳ್ಳಿ. ಮಕ್ಕಳ ಅಳತೆಯದು ಬೇಕೆಂದರೆ ಹಠ ಹಿಡಿದು ಕೇಳಿ. ನಡು ಹಿಂದಿನ ಸೀಟು ಕುಲುಕಾಟ ಕಡಿಮೆ, ಹಿರಿಯರನ್ನು ಅಲ್ಲಿ ಕೂರಿಸಿ. ದೋಣಿ ನಡೆಸುವವರೇ ಮುಂದೆ ಗುಹೆಯ ಗೈಡ್ ಕೂಡ. ಹಿಂದಿ ಎಲ್ಲರಿಗೂ ಬರುತ್ತದೆ. ಬಂಗಾಳಿ, ತಮಿಳು ಮಾತಾಡುವವರೂ ತುಂಬಾ ಇದ್ದಾರೆ.

ಅರ್ಧ ಗಂಟೆಯ ಈ ದೋಣಿ ಪಯಣ ಮೊದಲು ಅಗಲ ನೀರಿನಲ್ಲಿ, ಭರ್ರನೆ. ಕೊನೆಯಲ್ಲಿ ದೋಣಿ ಪಕ್ಕದ ಕಿರಿದಾದ ಹಾದಿಗೆ ತಿರುಗಿ, ಎಂಜಿನ್ ಸದ್ದು ಇಳಿಯುತ್ತದೆ. ತಲೆಯ ಮೇಲೆ ಎರಡೂ ದಡದ ಕಾಂಡ್ಲಾ ಕೊಂಬೆಗಳು ಕೂಡಿಕೊಂಡಿವೆ. ಕುಂದಾಪುರ, ಹೊನ್ನಾವರದ ಕಡೆಯವರಿಗೆ ಕಾಂಡ್ಲಾ ಹೊಸದಲ್ಲ. ಇಷ್ಟು ಎತ್ತರ, ಇಷ್ಟು ದಟ್ಟ ಬೆಳೆದದ್ದನ್ನು ನಮ್ಮ ಕರಾವಳಿಯಲ್ಲಿ ಕಾಣುವುದು ಅಪರೂಪ. ಇಳಿತದ ಹೊತ್ತಾದರೆ ಬೇರುಗಳು ಬುಡದಿಂದ ಕಮಾನು ಕಮಾನಾಗಿ ಹೊರಟು ಕೆಸರಿಗೆ ಊರಿರುವುದು ಪೂರ್ತಿ ಕಾಣುತ್ತದೆ. ಕೊಂಬೆಯಲ್ಲಿ ತೂಗುವ ಉದ್ದನೆಯ ಹಸಿರು ಕೋಲುಗಳನ್ನು ಗಮನಿಸಿ. ಅವು ಕಾಯಿಗಳಲ್ಲ, ಮರದಲ್ಲೇ ಮೊಳೆತ ಸಸಿಗಳು. ಉಪ್ಪುನೀರಿನಲ್ಲಿ ಬೀಜ ಮೊಳೆಯುವುದು ಕಷ್ಟ, ಅದಕ್ಕೆ ತಾಯಿಮರದಲ್ಲೇ ಮೊಳೆತು, ಬೆಳೆದ ಮೇಲೆ ಬೀಳುತ್ತವೆ. ಕೆಲವು ಅಲ್ಲೇ ಕೆಸರಿಗೆ ನಾಟಿಕೊಳ್ಳುತ್ತವೆ, ಉಳಿದವು ತೇಲಿ ಬೇರೆ ದಡ ಸೇರುತ್ತವೆ. 2004ರ ಸುನಾಮಿಯ ನಂತರ, ಅಲೆಯ ಹೊಡೆತ ತಗ್ಗಿಸುವ ಕಾಂಡ್ಲಾದ ಬೆಲೆ ಏನೆಂದು ಅಂಡಮಾನ್‌ನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೈಯನ್ನು ನೀರಿಗೆ ಇಳಿಬಿಡಬೇಡಿ. ಈ ನೀರಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ.

ನಡಿಗೆ ಮತ್ತು ಗುಹೆ

ನಯಾಡೇರಾ ಎಂಬಲ್ಲಿ ಇಳಿದರೆ ಮೊದಲು ಕಾಂಡ್ಲಾ ನಡುವಿನ ಮರದ ಹಲಗೆಯ ದಾರಿ, ಆಮೇಲೆ ಕಾಡು, ಆಮೇಲೆ ಗದ್ದೆ ಮತ್ತು ಕೆಲವು ಮನೆಗಳು. ಒಟ್ಟು ಒಂದೂಕಾಲು, ಒಂದೂವರೆ ಕಿಲೋಮೀಟರ್. ಸಣ್ಣ ಏರಿಳಿತ ಇದೆ, ಬೇರುಗಳು ದಾರಿಗೆ ಅಡ್ಡ ಬರುತ್ತವೆ. ನಿಧಾನಕ್ಕೆ ನಡೆದರೆ ಅರ್ಧ ಗಂಟೆ. ಸೆಕೆ ಜೋರು. ಮನೆಗಳ ಮುಂದೆ ನಿಂಬೆ ಶರಬತ್ತು, ಸೌತೆಕಾಯಿ, ಎಳನೀರು ಮಾರುತ್ತಾರೆ. ವಾಪಸ್ ಬರುವಾಗ ಕುಡಿಯಿರಿ. ಈ ಹಳ್ಳಿಯವರಿಗೆ ಪ್ರವಾಸಿಗರಿಂದ ಸಿಗುವ ನೇರ ದುಡ್ಡು ಅದು. ಮಂಡಿನೋವಿನ ಹಿರಿಯರಿಗೆ ಕೋಲು ಇದ್ದರೆ ಒಳ್ಳೆಯದು.

ಗುಹೆಯ ಬಾಯಿಗೆ ಬಂದ ಕೂಡಲೇ ಒಳಗೆ ನುಗ್ಗಬೇಡಿ. ಒಂದು ನಿಮಿಷ ನಿಲ್ಲಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಗೈಡ್ ಸಾಮಾನ್ಯವಾಗಿ ಗಣಪತಿ, ಆನೆ ಸೊಂಡಿಲು, ಕಮಲ ಎಂದು ಆಕಾರಗಳನ್ನು ತೋರಿಸುತ್ತಾ ಮುಂದೆ ಹೋಗುತ್ತಾರೆ. ಮಕ್ಕಳಿಗೆ ಅದು ಖುಷಿ. ನೀವು ಅವರಲ್ಲಿ ಬೇರೆ ಒಂದು ಕೇಳಿ: 'ಭಯ್ಯಾ, ಈಗಲೂ ನೀರು ತೊಟ್ಟಿಕ್ಕುವ ಜಾಗ ಎಲ್ಲಿದೆ?' ಅಲ್ಲಿ ನಿಂತು ಟಾರ್ಚು ಹಿಡಿಯಿರಿ.

ಮೇಲಿಂದ ಇಳಿಬಿದ್ದ ಕಲ್ಲಿನ ತುದಿಯಲ್ಲಿ ಒಂದು ಹನಿ ನಿಂತಿರುತ್ತದೆ. ಬೀಳುವುದಿಲ್ಲ. ತುದಿ ಒದ್ದೆ, ನುಣುಪು, ಬೆಳಕು ಬಿದ್ದರೆ ಸಣ್ಣಗೆ ಮಿನುಗುತ್ತದೆ. ಹನಿ ದಪ್ಪಗಾಗುತ್ತಾ ಬಂದು ಕಳಚಿ ಬೀಳುತ್ತದೆ, ಬಿದ್ದ ಜಾಗದಲ್ಲಿ ನೆಲದ ಕಲ್ಲು ಗುಬ್ಬಿಯಾಗಿ ಎದ್ದಿದೆ. ನಡೆಯುತ್ತಿರುವುದು ಇಷ್ಟು. ಮಳೆನೀರು ಗಾಳಿಯಿಂದ, ಕೊಳೆತ ಎಲೆ ತುಂಬಿದ ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತಾ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಗುಹೆಯ ಗಾಳಿಗೆ ಬಂದಾಗ ಆ ಅನಿಲ ಹೊರಟುಹೋಗಿ, ಸುಣ್ಣದ ತೆಳು ಪದರ ಕಲ್ಲಿನ ತುದಿಯಲ್ಲಿ ಉಳಿಯುತ್ತದೆ. ಮೇಲಿಂದ ಇಳಿಯುವುದು ಸ್ಟ್ಯಾಲಕ್ಟೈಟ್, ಕೆಳಗಿಂದ ಏಳುವುದು ಸ್ಟ್ಯಾಲಗ್ಮೈಟ್, ಎರಡೂ ಕೂಡಿದರೆ ಕಂಬ. ಇವು ಸಾಮಾನ್ಯವಾಗಿ ಸಾವಿರ ವರ್ಷಕ್ಕೆ ಹತ್ತು ಸೆಂಟಿಮೀಟರ್‌ನಷ್ಟು ಬೆಳೆಯುತ್ತವೆ, ಅದೂ ಎಲ್ಲ ಅನುಕೂಲ ಇದ್ದರೆ. ನಿಮ್ಮ ಕೈಯುದ್ದದ ಒಂದು ಕಲ್ಲು ತೂಗುತ್ತಿದ್ದರೆ ಅದಕ್ಕೆ ಎಷ್ಟು ವಯಸ್ಸು ಎಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿ. ಈ ಸುಣ್ಣಕಲ್ಲು ಹುಟ್ಟಿದ್ದು ಸಮುದ್ರದ ತಳದಲ್ಲಿ, ಹವಳ ಮತ್ತು ಚಿಪ್ಪುಗಳಿಂದ. ಆಮೇಲೆ ನೆಲ ಮೇಲೆದ್ದು ದ್ವೀಪವಾಯಿತು.

ಮುಟ್ಟಬೇಡಿ ಎನ್ನುವುದಕ್ಕೆ ಕಾರಣವೂ ಇದರಲ್ಲೇ ಇದೆ. ನಮ್ಮ ಬೆರಳಿನ ಎಣ್ಣೆ ಜಿಡ್ಡು ಆ ತುದಿಗೆ ಅಂಟಿದರೆ ಸುಣ್ಣ ಅಲ್ಲಿ ಕೂರುವುದಿಲ್ಲ, ಬೆಳವಣಿಗೆ ನಿಂತುಬಿಡುತ್ತದೆ. ಕೈ ಎಟುಕುವ ಎತ್ತರದಲ್ಲಿ ಎಷ್ಟೋ ಕಲ್ಲುಗಳು ಹೀಗೆ ಕಪ್ಪಾಗಿ, ಮಂಕಾಗಿ ನಿಂತಿವೆ. ಅದಕ್ಕಿಂತ ಮೇಲಿನವು ಬೆಳ್ಳಗಿವೆ. ಈ ವ್ಯತ್ಯಾಸ ನೋಡಿದರೆ ಹೊಟ್ಟೆ ಉರಿಯುತ್ತದೆ. ಗೈಡ್ ಸ್ವತಃ ಕೈಯಿಂದ ತಟ್ಟಿ ತೋರಿಸಲು ಹೋದರೆ ವಿನಯವಾಗಿ ಬೇಡ ಎನ್ನಿ.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ತನ್ನ ಜೊಲ್ಲಿನಿಂದಲೇ ಗೂಡು ಕಟ್ಟುತ್ತದೆ. ಸೂಪಿಗೆ ಬಹಳ ಬೆಲೆ ಬರುತ್ತದೆಂದು ಆ ಗೂಡುಗಳನ್ನು ಕದ್ದು ಕದ್ದು ಹಕ್ಕಿಗಳ ಸಂಖ್ಯೆ ಕುಸಿದಿತ್ತು. ಈಗ ಅರಣ್ಯ ಇಲಾಖೆಯ ಕಾವಲಿದೆ. ಗೋಡೆಯ ಮೇಲೆ ಗೂಡು ಕಂಡರೆ ಬೆಳಕು ಅದರ ಮೇಲೆ ಹಿಡಿದು ನಿಲ್ಲಬೇಡಿ, ಫ್ಲ್ಯಾಶ್ ಬೇಡ, ಸದ್ದೂ ಬೇಡ.

ಊಟ

ಹನ್ನೊಂದು, ಹನ್ನೊಂದೂವರೆಗೆ ಮತ್ತೆ ನೀಲಂಬೂರ್ ಜೆಟ್ಟಿ. ಅಲ್ಲೇ ಸಣ್ಣ ಹೋಟೆಲುಗಳಿವೆ. ಅನ್ನ, ಬೇಳೆ, ಪಲ್ಯ, ಮೀನಿನ ಸಾರು. ಮೀನು ತಿನ್ನುವವರಿಗೆ ಬಿಸಿಬಿಸಿ ಊಟ, ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುವಷ್ಟು. ದೋಣಿಗೆ ಹೋಗುವ ಮುಂಚೆಯೇ ಎಷ್ಟು ಊಟ ಎಂದು ಹೇಳಿ ಹೋದರೆ ಬಂದಾಗ ಕಾಯುವುದಿಲ್ಲ.

ಕೆಸರಿನ ಜ್ವಾಲಾಮುಖಿ

ಜೆಟ್ಟಿಯಿಂದ ಸುಮಾರು ಏಳು ಕಿಲೋಮೀಟರ್, ಜೀಪಿನಲ್ಲಿ ಹೋಗಬೇಕು. ಕೊನೆಗೆ ಸ್ವಲ್ಪ ಮೆಟ್ಟಿಲು. ಹೋಗುವ ಮುಂಚೆ ತೆರೆದಿದೆಯೇ ಎಂದು ಕೇಳಿ. 2025ರ ಅಕ್ಟೋಬರ್ 2ರಂದು ಇದು ಎರಡು ದಶಕಗಳ ನಂತರ ದೊಡ್ಡದಾಗಿ ಉಕ್ಕಿತು, ಆಗ ಪ್ರವಾಸಿಗರನ್ನು ತಡೆದಿದ್ದರು. ಅದಕ್ಕೆ ಹಿಂದಿನದು 2005ರಲ್ಲಿ.

ಜ್ವಾಲಾಮುಖಿ ಎಂಬ ಹೆಸರು ಕೇಳಿ ಬೆಂಕಿ, ಹೊಗೆ ಎಂದುಕೊಂಡು ಹೋದವರಿಗೆ ನಿರಾಸೆ ಖಂಡಿತ. ಬೆಂಕಿಯ ಜ್ವಾಲಾಮುಖಿ ಬೇಕಾದರೆ ಅದು ದೂರದ ಬ್ಯಾರೆನ್ ದ್ವೀಪದಲ್ಲಿದೆ. ಇಲ್ಲಿರುವುದು ಬೇಲಿ ಹಾಕಿದ ಬೂದು ಬಣ್ಣದ ಕೆಸರಿನ ದಿಬ್ಬ. ಐದು ನಿಮಿಷಕ್ಕೇ 'ಇಷ್ಟೇನಾ' ಎಂದು ತಿರುಗಿ ಬರುವವರೇ ಜಾಸ್ತಿ. ನೀವು ಹಾಗೆ ಮಾಡಬೇಡಿ. ಬೇಲಿಯ ಹತ್ತಿರ ಕೂತು ಕೆಸರಿನ ಒಂದು ಬಾಯಿಯನ್ನೇ ನೋಡುತ್ತಿರಿ. ಮೊದಲು ಮೇಲ್ಮೈ ಅಲುಗದೆ ಇರುತ್ತದೆ. ಆಮೇಲೆ ನಡುವೆ ಕೆಸರು ಮೆಲ್ಲಗೆ ಉಬ್ಬುತ್ತದೆ, ಉಬ್ಬಿ ಉಬ್ಬಿ ತೆಳುವಾಗಿ, 'ಬ್ಲುಕ್' ಎಂದು ಒಡೆಯುತ್ತದೆ. ಸುತ್ತ ಉಂಗುರ ಉಂಗುರವಾಗಿ ಗುರುತು ಉಳಿದು, ಮುಂದಿನ ಗುಳ್ಳೆ ಏಳುವ ಹೊತ್ತಿಗೆ ಅಳಿಸಿಹೋಗುತ್ತದೆ.

ಆ ಗುಳ್ಳೆಯನ್ನು ತಳ್ಳುತ್ತಿರುವುದು ನೆಲದಾಳದ ಅನಿಲ, ಹೆಚ್ಚಿನ ಪಾಲು ಮೀಥೇನ್. ಅಂಡಮಾನ್ ಸಾಲಿನ ಪಶ್ಚಿಮಕ್ಕೆ ಭಾರತದ ಭೂಫಲಕ ಪಕ್ಕದ ಫಲಕದ ಕೆಳಗೆ ನುಗ್ಗುತ್ತಿದೆ. ಆ ಒತ್ತಡಕ್ಕೆ ಸಿಕ್ಕಿದ ಹಳೆಯ ಹೂಳಿನಿಂದ ನೀರು, ಅನಿಲ ಹಿಂಡಿ ಬರುತ್ತದೆ, ಜೊತೆಗೆ ನುಣ್ಣನೆಯ ಮಣ್ಣನ್ನೂ ಹೊತ್ತು ಮೇಲೇಳುತ್ತದೆ. 2004ರ ಭೂಕಂಪ, ಸುನಾಮಿಗೆ ಕಾರಣವಾದದ್ದೂ ಇದೇ ನುಗ್ಗಾಟ. ಇಂಥವು ಉತ್ತರ ಅಂಡಮಾನ್‌ನ ದಿಗ್ಲಿಪುರದ ಕಡೆಯೂ ಇವೆ. ಬೇಲಿ ದಾಟಬೇಡಿ. ಮೇಲೆ ಒಣಗಿ ಬಿರಿದಂತೆ ಕಂಡರೂ ಅಡಿಯಲ್ಲಿ ಹಸಿ ಕೆಸರಿರುತ್ತದೆ. ಅನಿಲ ಹೊರಡುವ ಜಾಗವಾದ್ದರಿಂದ ಬೆಂಕಿಕಡ್ಡಿ, ಸಿಗರೇಟು ಹತ್ತಿಸಲೇಬಾರದು.

ಕೈಯಲ್ಲಿ ಸಮಯ ಕಡಿಮೆ ಇದ್ದು ಎರಡರಲ್ಲಿ ಒಂದನ್ನು ಬಿಡಬೇಕಾದರೆ ಇದನ್ನು ಬಿಡಿ, ಗುಹೆಯನ್ನಲ್ಲ.

ವಾಪಸ್

ಬೆಳಿಗ್ಗೆ ಮೊದಲ ಕಾನ್ವಾಯ್‌ನಲ್ಲಿ ಬಂದವರಿಗೆ ಎರಡು ಆಯ್ಕೆ. ಗುಹೆ ಮಾತ್ರ ನೋಡಿ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿನದನ್ನು ಹಿಡಿಯುವುದು. ಇಲ್ಲವೇ ಊಟ, ಕೆಸರಿನ ಜ್ವಾಲಾಮುಖಿ ಮುಗಿಸಿ ಕೊನೆಯದಕ್ಕೆ ಬರುವುದು. ಚಾಲಕರಿಗೆ ಬೇಗ ಮನೆ ಸೇರುವ ಆಸೆ ಸಹಜ, ಮೊದಲನೆಯದಕ್ಕೇ ಒತ್ತಾಯ ಮಾಡುತ್ತಾರೆ. ನಿಮ್ಮ ಆಯ್ಕೆಯನ್ನು ಬುಕ್ ಮಾಡುವಾಗಲೇ ಹೇಳಿ ಒಪ್ಪಿಸಿಕೊಂಡರೆ ಅಲ್ಲಿ ಮಾತಿಗೆ ಮಾತು ಬೆಳೆಯುವುದಿಲ್ಲ. ಕೊನೆಯ ಕಾನ್ವಾಯ್ ಆದರೆ ಒಂದು ಗಂಟೆ ಮುಂಚೆಯೇ ಬಾರ್ಜಿನ ಹತ್ತಿರ ಇರಿ. ಬಾರ್ಜು ದಾಟಿಯೇ ಗೇಟಿಗೆ ಬರಬೇಕು, ಅಲ್ಲಿ ಸಾಲು ಉದ್ದವಿದ್ದರೆ ತಪ್ಪಿಹೋಗುತ್ತದೆ. ತಪ್ಪಿದರೆ ರಾತ್ರಿ ಅಲ್ಲೇ.

ಚಿಪ್ಪು, ಹವಳದ ಚೂರು, ಗುಹೆಯ ಕಲ್ಲು ಏನನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಕಾನೂನಿನ ತೊಂದರೆ ಇದೆ, ವಿಮಾನ ನಿಲ್ದಾಣದಲ್ಲಿ ತಪಾಸಣೆಯೂ ಇದೆ. ನಿಮ್ಮ ಕಸ, ಖಾಲಿ ಬಾಟಲಿಗಳು ನಿಮ್ಮ ಜೊತೆಗೇ ಪೋರ್ಟ್ ಬ್ಲೇರ್‌ಗೆ ಬರಲಿ. ದ್ವೀಪದಲ್ಲಿ ಬಿಟ್ಟ ಪ್ಲಾಸ್ಟಿಕ್ ಹೋಗಿ ಸೇರುವುದು ಆ ಕಾಂಡ್ಲಾ ಬೇರುಗಳ ನಡುವೆಯೇ.

ಅಂಡಮಾನ್‌ನಲ್ಲಿ ಬೇಗ ಕತ್ತಲಾಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕೊನೆಯ ಕಾನ್ವಾಯ್‌ನವರು ಜಿರ್ಕಾಟಾಂಗ್ ದಾಟುವಾಗ ಮಬ್ಬು, ಹೋಟೆಲ್ ಸೇರುವಾಗ ಆರೂವರೆ, ಏಳು. ಮರುದಿನ ಬೆಳಿಗ್ಗೆ ಬೇಗನೆ ಹ್ಯಾವ್ಲಾಕ್ ದ್ವೀಪದ (ಈಗ ಸ್ವರಾಜ್ ದ್ವೀಪ) ಹಡಗು ಇಟ್ಟುಕೊಳ್ಳಬೇಡಿ, ಹತ್ತರ ಮೇಲಿನದು ಸಾಕು.

ಗಿಳಿಗಳ ದ್ವೀಪ, ಅಂದರೆ ಪ್ಯಾರಟ್ ಐಲ್ಯಾಂಡ್, ಬಾಲುಡೇರಾ ಬೀಚು ಕೂಡ ಇದೇ ದಿನ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಿಳಿಗಳು ಗುಂಪು ಗುಂಪಾಗಿ ಆ ಕಾಂಡ್ಲಾ ದ್ವೀಪಕ್ಕೆ ಮರಳುವುದು ಸೂರ್ಯ ಮುಳುಗುವ ಹೊತ್ತಿಗೆ. ಅಷ್ಟರಲ್ಲಿ ಕೊನೆಯ ಕಾನ್ವಾಯ್ ಹೊರಟು ಎಷ್ಟೋ ಹೊತ್ತಾಗಿರುತ್ತದೆ. ಅದನ್ನೂ ನೋಡಬೇಕು ಎಂದಿದ್ದರೆ ಬಾರಾಟಾಂಗ್‌ನಲ್ಲಿ ಒಂದು ರಾತ್ರಿ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ತಂಗುವ ಜಾಗಗಳು ಕಡಿಮೆ, ಸೌಲಭ್ಯ ಸಾಧಾರಣ, ಕೋಣೆಯನ್ನು ಪೋರ್ಟ್ ಬ್ಲೇರ್‌ನಿಂದಲೇ ಫೋನ್ ಮಾಡಿ ಹಿಡಿದಿಟ್ಟು ಹೊರಡಿ. ಹಾಗೆ ಉಳಿಯುವವರು ಬೇಕಾದರೆ 9ರ ಕಾನ್ವಾಯ್‌ನಲ್ಲೇ ಬರಬಹುದು. ಮೊದಲ ದಿನ ಕೆಸರಿನ ಜ್ವಾಲಾಮುಖಿ ಮತ್ತು ಗಿಳಿಗಳು, ಮರುದಿನ ಬೆಳಿಗ್ಗೆ ಪೋರ್ಟ್ ಬ್ಲೇರ್‌ನ ಜನ ಬಂದು ಇಳಿಯುವ ಮುಂಚೆಯೇ ಮೊದಲ ದೋಣಿಗೆ ಗುಹೆ.